ಫೈಲು ಈಗ ಯಾವ ಟೇಬಲ್ ಮೇಲಿದೆ? ಐರೋಪ್ಯ ಒಕ್ಕೂಟಕ್ಕೆ ದೇಶಗಳು ಸೇರುವ ಬಗೆ

ವಾಸ್ಕೋದಲ್ಲಿ ನನ್ನದೊಂದು ಜೆರಾಕ್ಸ್-ಟೈಪಿಂಗ್ ಅಂಗಡಿ ಇದೆ. ಬೈನಾ, ಝುವಾರಿನಗರ ಕಡೆಯ ನಮ್ಮ ಕನ್ನಡದ ಜನ ರೇಷನ್ ಕಾರ್ಡು, ಆಧಾರ್ ತಿದ್ದುಪಡಿ ಅಂತ ಬರುತ್ತಾರೆ. ಇಲ್ಲಿನ ಗೋವಾದ ಮನೆಗಳವರು ಅಜ್ಜ-ಅಜ್ಜಿಯ ಹಳೇ ಜನನ ದಾಖಲೆ ಹಿಡಿದು ಪೋರ್ಚುಗೀಸ್ ಪಾಸ್‌ಪೋರ್ಟ್ ಕೆಲಸಕ್ಕೆ ಬರುತ್ತಾರೆ. ಒಟ್ಟಿನಲ್ಲಿ ನನ್ನ ದಿನ ಕಳೆಯುವುದೇ ಬೇರೆಯವರ ಫೈಲುಗಳ ನಡುವೆ.

ಹೋದ ಮಳೆಗಾಲದಲ್ಲಿ ಪರೀಕ್ಷೆಗೆ ಓದುತ್ತಿರುವ ಒಬ್ಬ ಹುಡುಗಿ ನೋಟ್ಸ್ ಜೆರಾಕ್ಸ್ ಮಾಡಿಸಲು ಬಂದಳು. ಮಷೀನು ಬಿಸಿಯಾಗುವ ತನಕ ಸುಮ್ನೆ ನಿಂತವಳು ಕೇಳಿದಳು: "ಅಣ್ಣಾ, ಉಕ್ರೇನ್ 2022ರಾಗ ಯುರೋಪಿಯನ್ ಯೂನಿಯನ್ ಸೇರೈತಿ ಅಂತ ಇದರಾಗ ಬರದಾರ. ಖರೇನಾ?"

ಸೇರಿಲ್ಲ. ಆ ವರ್ಷ ಜೂನ್ 23ರಂದು ಅದಕ್ಕೆ ಸಿಕ್ಕಿದ್ದು 'ಅಭ್ಯರ್ಥಿ ದೇಶ' ಅನ್ನುವ ಹೆಸರು ಮಾತ್ರ. ಅರ್ಜಿ ಕೊಟ್ಟು ರಸೀದಿ ತಂದವನನ್ನು ಪಾಸ್‌ಪೋರ್ಟ್ ಬಂದವನು ಅಂದ ಹಾಗಾಯಿತು. ಪೇಪರು, ಟಿವಿಗಳಲ್ಲೂ ಈ ತಪ್ಪು ಜಾಸ್ತಿ. ಅದಕ್ಕೇ ಒಂದು ದೇಶದ ಫೈಲು ಯಾವ ಟೇಬಲ್‌ನಿಂದ ಯಾವ ಟೇಬಲ್‌ಗೆ ಹೋಗುತ್ತದೆ, ಎಲ್ಲಿ ಕೊಳೆಯುತ್ತದೆ ಅನ್ನುವುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಒಂದು ಮಾತು ಮೊದಲೇ ತಲೆಯಲ್ಲಿರಲಿ: ಹೆಚ್ಚುಕಡಿಮೆ ಪ್ರತಿ ಟೇಬಲ್‌ನಲ್ಲೂ ಈಗಿರುವ 27 ಸದಸ್ಯರೆಲ್ಲ ಹೂಂ ಅನ್ನಬೇಕು. ಒಬ್ಬರು ಉಹೂಂ ಅಂದರೂ ಫೈಲು ನಿಂತಿತು.

ಹೆಜ್ಜೆ 1: ಅರ್ಜಿ ಹಾಕುವ ಅರ್ಹತೆ ಇದೆಯೇ ನೋಡಿ

ಒಕ್ಕೂಟದ ಮೂಲ ಒಪ್ಪಂದ ಮಾಸ್ಟ್ರಿಕ್ಟ್‌ನಲ್ಲಿ 1992ರಲ್ಲಿ ಸಹಿ ಆದದ್ದು. ಈಗ ಅದರ 49ನೇ ವಿಧಿಯೇ ಸೇರುವ ಬಾಗಿಲು. ಅದು ಕೇಳುವುದು ಎರಡು: ನೀವು ಯುರೋಪಿನ ದೇಶವಾಗಿರಬೇಕು, ಪ್ರಜಾಪ್ರಭುತ್ವ, ಕಾನೂನಿನ ಆಡಳಿತ, ಮಾನವ ಹಕ್ಕು ಇಂಥ ಮೌಲ್ಯಗಳನ್ನು ಪಾಲಿಸುವವರಾಗಿರಬೇಕು. ಮೊರೊಕ್ಕೊ 1987ರಲ್ಲಿ ಕೇಳಿ ನೋಡಿತು. ನೀವು ಯುರೋಪಿನವರಲ್ಲ ಅಂತ ಅಲ್ಲೇ ವಾಪಸ್ ಕಳಿಸಿದರು.

1993ರ ಜೂನ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ಸೇರಿದ ನಾಯಕರು ಇದನ್ನು ಇನ್ನಷ್ಟು ಬಿಡಿಸಿ ಹೇಳಿದರು. ಗಟ್ಟಿಯಾದ ಪ್ರಜಾಪ್ರಭುತ್ವ ಸಂಸ್ಥೆಗಳು ಇರಬೇಕು, ಅಲ್ಪಸಂಖ್ಯಾತರಿಗೆ ರಕ್ಷಣೆ ಇರಬೇಕು. ಒಕ್ಕೂಟದೊಳಗಿನ ಪೈಪೋಟಿ ತಡೆದುಕೊಳ್ಳುವ ಮಾರುಕಟ್ಟೆ ಇರಬೇಕು. ಒಕ್ಕೂಟದ ಕಾನೂನುಗಳನ್ನೆಲ್ಲ ತಂದು ಜಾರಿ ಮಾಡುವ ತಾಕತ್ತು ಇರಬೇಕು. ಪರೀಕ್ಷೆಗೆ ಓದುವವರು 'ಕೋಪನ್‌ಹೇಗನ್ ಮಾನದಂಡ' ಅಂತ ಬಾಯಿಪಾಠ ಮಾಡುವುದು ಇದನ್ನೇ. ಹೊಸಬರನ್ನು ಒಳಗೆ ಬಿಟ್ಟುಕೊಳ್ಳುವ ಶಕ್ತಿ ಒಕ್ಕೂಟಕ್ಕೂ ಇರಬೇಕು ಅಂತ ಒಂದು ಸಾಲು ಅದರಲ್ಲಿದೆ. ಅದನ್ನು ಬಹಳ ಜನ ಓದುವುದೇ ಇಲ್ಲ. ಉಳಿದೆಲ್ಲ ಸರಿಯಿದ್ದರೂ 'ಈಗ ಜಾಗ ಇಲ್ಲ' ಅನ್ನಲು ಆ ಸಾಲು ಸಾಕು.

ಹೆಜ್ಜೆ 2: ಅರ್ಜಿ, ಆಮೇಲೆ ಪ್ರಶ್ನೆಗಳ ಮೂಟೆ

ಅರ್ಜಿ ಅಂದರೆ ಒಂದು ಪತ್ರ, ಅಷ್ಟೇ. ಉಕ್ರೇನ್ ಅದನ್ನು ಕೊಟ್ಟಿದ್ದು 2022ರ ಫೆಬ್ರವರಿ 28ರಂದು. ರಷ್ಯಾದ ದಾಳಿ ಶುರುವಾಗಿ ನಾಲ್ಕೇ ದಿನ ಆಗಿತ್ತು. ಮಾರ್ಚ್ 3ಕ್ಕೆ ಮೊಲ್ಡೋವಾ, ಜಾರ್ಜಿಯಾಗಳೂ ಪತ್ರ ಕೊಟ್ಟವು.

ಪತ್ರ ಸದಸ್ಯ ದೇಶಗಳ ಮಂತ್ರಿಗಳ ಕೌನ್ಸಿಲ್‌ಗೆ ಹೋಗುತ್ತದೆ. ಕೌನ್ಸಿಲ್ ಅದನ್ನು ಬ್ರಸೆಲ್ಸ್‌ನ ಯುರೋಪಿಯನ್ ಕಮಿಷನ್‌ಗೆ, ಅಂದರೆ ಒಕ್ಕೂಟದ ಆಡಳಿತ ನೋಡಿಕೊಳ್ಳುವ ಸಂಸ್ಥೆಗೆ, ಕಳಿಸಿ ಅಭಿಪ್ರಾಯ ಕೇಳುತ್ತದೆ. ಕಮಿಷನ್ ಆಗ ಅರ್ಜಿದಾರ ದೇಶಕ್ಕೆ ಪ್ರಶ್ನೆಗಳನ್ನು ಕಳಿಸುತ್ತದೆ. ಬೋಸ್ನಿಯಾಕ್ಕೆ 2016ರ ಕೊನೆಯಲ್ಲಿ ಸಿಕ್ಕಿದ್ದು 3,242 ಪ್ರಶ್ನೆ. ನಿಮ್ಮ ನ್ಯಾಯಾಧೀಶರನ್ನು ನೇಮಿಸುವವರು ಯಾರು, ದನದ ಲೆಕ್ಕ ಇಡುವವರು ಯಾರು, ಈ ತರಹ. ಉತ್ತರ ಕೊಡುವ ಹೊತ್ತಿಗೆ 2018 ಬಂದಿತ್ತು. ಅಲ್ಲಿ ಸರ್ಕಾರದ ಮೇಲೆ ಸರ್ಕಾರ, ಒಬ್ಬರು ಬರೆದ ಉತ್ತರ ಇನ್ನೊಬ್ಬರು ಒಪ್ಪುವುದಿಲ್ಲ. ಉಕ್ರೇನ್‌ಗೆ ಕಮಿಷನ್ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೇಯೆನ್ ಕೀವ್‌ಗೇ ಹೋಗಿ, 2022ರ ಏಪ್ರಿಲ್ 8ರಂದು ಪ್ರಶ್ನೆಗಳ ಲಕೋಟೆ ಕೈಗಿಟ್ಟರು. ಮೊದಲ ಭಾಗದ ಉತ್ತರ ಹತ್ತು ದಿನಕ್ಕೆ ತಯಾರಾಯಿತು. ಗರಜು ಇದ್ದರೆ ಫೈಲು ಓಡುತ್ತದೆ, ಇದು ನನ್ನ ಅಂಗಡಿಯಲ್ಲೂ ಕಂಡ ಮಾತು.

ಹೆಜ್ಜೆ 3: 'ಅಭ್ಯರ್ಥಿ' ಅನ್ನುವ ಪಟ್ಟ

ಕಮಿಷನ್ ಸರಿ ಅಂದರೆ ನಾಯಕರೆಲ್ಲ ಸೇರಿ ಅಭ್ಯರ್ಥಿ ಸ್ಥಾನ ಕೊಡುತ್ತಾರೆ. ಇದು ಗೌರವದ ಹೆಸರು. ಸುಧಾರಣೆಗೆ ಒಂದಿಷ್ಟು ದುಡ್ಡೂ ಬರುತ್ತದೆ. ಆದರೆ ಮತವಿಲ್ಲ, ಕುರ್ಚಿಯಿಲ್ಲ. ಇಲ್ಲಿ ಎಷ್ಟು ವರ್ಷ ಬೇಕಾದರೂ ಕೂರಬಹುದು. ಟರ್ಕಿ 1987ರಲ್ಲಿ ಅರ್ಜಿ ಕೊಟ್ಟು, 1999ರಲ್ಲಿ ಅಭ್ಯರ್ಥಿಯಾಗಿ, ಇನ್ನೂ ಅಭ್ಯರ್ಥಿಯಾಗಿಯೇ ಇದೆ. ಪೇಪರಿನಲ್ಲಿ 'ಅಭ್ಯರ್ಥಿ' ಪದ ಕಂಡರೆ ದಾರಿ ಇನ್ನೂ ಶುರುವಿನಲ್ಲೇ ಇದೆ ಅಂತ ತಿಳಿಯಿರಿ.

ಹೆಜ್ಜೆ 4: ಮಾತುಕತೆ ಅಂತಾರೆ, ಆದರೆ ಚೌಕಾಸಿ ಇಲ್ಲ

ನನಗೆ ತಿಳಿಯಲು ಜಾಸ್ತಿ ಹೊತ್ತು ಹಿಡಿದದ್ದು ಈ ಹಂತ. ಮಾತುಕತೆ ಅಂದ ಕೂಡಲೇ ನಮಗೆ ವಾಸ್ಕೋ ಮೀನು ಮಾರ್ಕೆಟ್ ನೆನಪಾಗುತ್ತದೆ. ಅವರು ಐನೂರು ಅನ್ನುತ್ತಾರೆ, ನಾವು ಮುನ್ನೂರು ಅನ್ನುತ್ತೇವೆ, ನಡುವೆ ಎಲ್ಲೋ ಕುದುರುತ್ತದೆ. ಇಲ್ಲಿ ಹಾಗಲ್ಲ. ಒಕ್ಕೂಟದ ಕಾನೂನು ಹತ್ತಾರು ಸಾವಿರ ಪುಟ. ಅದನ್ನು ಪೂರ್ತಿ ಒಪ್ಪಬೇಕು, ಅದರ ಬಗ್ಗೆ ಮಾತೇ ಇಲ್ಲ. ಮಾತಾಡುವುದು ಯಾವಾಗ ಜಾರಿ ಮಾಡುತ್ತೀರಿ, ಹೇಗೆ ಮಾಡುತ್ತೀರಿ, ಯಾವುದಕ್ಕೆ ಎಷ್ಟು ವರ್ಷ ವಾಯಿದೆ ಬೇಕು ಅನ್ನುವುದಷ್ಟನ್ನೇ. ಅದನ್ನೆಲ್ಲ ತಮ್ಮ ಭಾಷೆಗೆ ಅನುವಾದಿಸುವುದೇ ಒಂದು ದೊಡ್ಡ ಕೆಲಸ. ಒಕ್ಕೂಟಕ್ಕೆ 24 ಅಧಿಕೃತ ಭಾಷೆಗಳಿವೆ, 24ನೆಯದು ಕ್ರೊಯೇಷಿಯನ್.

ಈ ಕಾನೂನನ್ನು 35 ಅಧ್ಯಾಯಗಳಾಗಿ ಹಂಚಿದ್ದಾರೆ. ತೆರಿಗೆ, ಸುಂಕ, ಮೀನುಗಾರಿಕೆ, ಆಹಾರ ಸುರಕ್ಷತೆ, ಪರಿಸರ ಹೀಗೆ. ಮೊದಲು 'ಸ್ಕ್ರೀನಿಂಗ್' ನಡೆಯುತ್ತದೆ. ಅಂದರೆ ನಿಮ್ಮ ಕಾನೂನನ್ನೂ ಅವರ ಕಾನೂನನ್ನೂ ಅಕ್ಕಪಕ್ಕ ಇಟ್ಟು ಎಲ್ಲಿ ಕಮ್ಮಿ ಬಿದ್ದಿದೆ ನೋಡುವುದು. ಆಮೇಲೆ ಒಂದೊಂದೇ ಅಧ್ಯಾಯ ತೆರೆಯುತ್ತಾರೆ, ಕೆಲಸ ಮುಗಿದರೆ ತಾತ್ಕಾಲಿಕವಾಗಿ ಮುಚ್ಚುತ್ತಾರೆ. ತೆರೆಯಲೂ ಎಲ್ಲರ ಒಪ್ಪಿಗೆ, ಮುಚ್ಚಲೂ ಎಲ್ಲರ ಒಪ್ಪಿಗೆ. 'ತಾತ್ಕಾಲಿಕ' ಅನ್ನುವುದನ್ನು ಗಮನಿಸಿ. ಮುಚ್ಚಿದ್ದನ್ನು ಮತ್ತೆ ತೆರೆಯುವ ಹಕ್ಕು ಅವರಿಗಿದೆ.

2020ರಲ್ಲಿ ನಿಯಮ ಇನ್ನೂ ಬಿಗಿಯಾಯಿತು. ಅಧ್ಯಾಯಗಳನ್ನು ಆರು ಗುಂಪು ಮಾಡಿದರು. ಮೊದಲ ಗುಂಪಿನಲ್ಲಿ ನ್ಯಾಯಾಂಗ, ಭ್ರಷ್ಟಾಚಾರ, ಮೂಲಭೂತ ಹಕ್ಕು, ಸರ್ಕಾರಿ ಖರೀದಿ, ಅಂಕಿಅಂಶದಂಥ ವಿಷಯಗಳಿವೆ. ಅದನ್ನು ಎಲ್ಲಕ್ಕಿಂತ ಮೊದಲು ತೆರೆಯಬೇಕು, ಎಲ್ಲಕ್ಕಿಂತ ಕೊನೆಗೆ ಮುಚ್ಚಬೇಕು. ಅಲ್ಲಿ ಹಿಂದೆ ಬಿದ್ದರೆ ಉಳಿದದ್ದೂ ಮುಂದೆ ಹೋಗುವುದಿಲ್ಲ. ಇದು ಬುದ್ಧಿವಂತ ನಿಯಮ ಅಂತ ನನಗನಿಸುತ್ತದೆ. ಸುಂಕದ ಕಾನೂನು ಬರೆಯುವುದು ಸುಲಭ. ಕೋರ್ಟು ಸರಿಪಡಿಸುವುದು ಕಷ್ಟ, ಅಲ್ವಾ?

ಕ್ರೊಯೇಷಿಯಾ ಈ ಹಂತದಲ್ಲಿ ಪಟ್ಟ ಪಾಡು ನೋಡಿ. 2005ರ ಮಾರ್ಚ್‌ನಲ್ಲಿ ಮಾತುಕತೆ ಶುರುವಾಗಬೇಕಿತ್ತು. ಯುದ್ಧಾಪರಾಧದ ಆರೋಪ ಹೊತ್ತ ಜನರಲ್ ಆಂಟೆ ಗೊಟೊವಿನಾನನ್ನು ಹಿಡಿಯಲು ಸಹಕರಿಸುತ್ತಿಲ್ಲ ಅಂತ ಅಕ್ಟೋಬರ್‌ಗೆ ಮುಂದೂಡಿದರು. ಸರ್ಕಾರದ ದುಡ್ಡಿನ ಮೇಲೆ ನಡೆಯುತ್ತಿದ್ದ ಹಡಗು ಕಟ್ಟುವ ಕಾರ್ಖಾನೆಗಳ ಸಬ್ಸಿಡಿ ಇಳಿಸಬೇಕಾಯಿತು. ಬಂದರಿನ ಊರಲ್ಲಿ ಇರುವ ನಮಗೆ ಗೊತ್ತು, ಇಂಥ ಕೆಲಸ ಹೋದರೆ ಎಷ್ಟು ಮನೆಗಳ ಒಲೆ ಆರುತ್ತದೆ ಅಂತ. ಮಾಜಿ ಪ್ರಧಾನಿ ಇವೋ ಸನಾದರ್ ಮೇಲೇ ಭ್ರಷ್ಟಾಚಾರದ ಕೇಸು ನಡೆಯಿತು. ಮಾತುಕತೆ ಮುಗಿದಿದ್ದು 2011ರ ಜೂನ್‌ನಲ್ಲಿ.

ಮನೆ ಅಚ್ಚುಕಟ್ಟಾಗಿದ್ದವರಿಗೆ ದಾರಿ ಚಿಕ್ಕದು. ಫಿನ್‌ಲ್ಯಾಂಡ್ 1992ರ ಮಾರ್ಚ್‌ನಲ್ಲಿ ಅರ್ಜಿ ಕೊಟ್ಟು 1995ರ ಜನವರಿ 1ಕ್ಕೆ ಒಳಗಿತ್ತು. ಐಸ್‌ಲ್ಯಾಂಡ್ ಕೂಡ ಹಾಗೇ ಓಡಬೇಕಿತ್ತು. 2009ರಲ್ಲಿ ಅರ್ಜಿ ಕೊಟ್ಟು ಬಹಳಷ್ಟು ಅಧ್ಯಾಯ ತೆರೆದೂ ಇತ್ತು. ಮೀನುಗಾರಿಕೆಯ ಅಧ್ಯಾಯ ಮಾತ್ರ ತೆರೆಯಲೇ ಇಲ್ಲ. ತಮ್ಮ ಸಮುದ್ರದಲ್ಲಿ ಯಾರು ಎಷ್ಟು ಹಿಡಿಯಬೇಕು ಅನ್ನುವುದನ್ನು ಬ್ರಸೆಲ್ಸ್ ಹೇಳುವುದು ಅಲ್ಲಿನವರಿಗೆ ಬೇಡವಾಗಿತ್ತು. 2013ರಲ್ಲಿ ಹೊಸ ಸರ್ಕಾರ ಮಾತುಕತೆ ನಿಲ್ಲಿಸಿತು, 2015ರಲ್ಲಿ ನಮ್ಮನ್ನು ಅಭ್ಯರ್ಥಿ ಅಂತ ಎಣಿಸಬೇಡಿ ಅಂತ ಪತ್ರ ಬರೆಯಿತು. ಮಳೆಗಾಲದ 61 ದಿನದ ಮೀನುಗಾರಿಕೆ ನಿಷೇಧದ ಮಾತೆತ್ತಿದರೆ ನಮ್ಮ ಖಾರಿವಾಡ ಜೆಟ್ಟಿಯಲ್ಲಿ ಏನು ಮಾತು ಬರುತ್ತದೆ ಕೇಳಿದವರಿಗೆ ಐಸ್‌ಲ್ಯಾಂಡಿನವರ ಸಿಟ್ಟು ಅರ್ಥವಾಗುತ್ತದೆ.

ಹೆಜ್ಜೆ 5: ತಡೆದವರು ಯಾರು, ಯಾಕೆ ಅಂತ ಕೇಳಿ

ಇದು ನಿಯಮದ ಪುಸ್ತಕದಲ್ಲಿ ಬರೆದ ಹೆಜ್ಜೆಯಲ್ಲ. ಆದರೂ ನಡೆಯುವುದು ಇದೇ.

ನನ್ನ ಅಂಗಡಿಗೆ ಒಂದು ಮನೆಯವರು ಅಜ್ಜಿಯ ಜನನ ದಾಖಲೆ ತಂದಿದ್ದರು. ಪೋರ್ಚುಗೀಸರ ಕಾಲದ ರಿಜಿಸ್ಟರಿನ ನಕಲು. ಅದರಲ್ಲಿ ಮನೆತನದ ಹೆಸರು ಪೋರ್ಚುಗೀಸ್ ಸ್ಪೆಲ್ಲಿಂಗ್‌ನಲ್ಲಿದೆ. ಮದುವೆ ದಾಖಲೆಯಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗ್. ಆಧಾರ್‌ನಲ್ಲಿ ಮೂರನೆಯದೇ ಒಂದು. ಒಬ್ಬಳೇ ಅಜ್ಜಿ, ಮೂರು ಹೆಸರು. ಒಂದು ಕಚೇರಿಯವರು ಅಫಿಡವಿಟ್ ತನ್ನಿ ಅಂದರು. ತಂದರೆ, ಇದು ಸಾಲದು, ಮೂಲದಲ್ಲೇ ತಿದ್ದಿಸಿ ಅಂದರು. ಎಂಟು ತಿಂಗಳು ಹೋಯಿತು. ಆ ಮೂರು ಕಾಗದಗಳನ್ನು ಎಷ್ಟು ಸಲ ಜೆರಾಕ್ಸ್ ಮಾಡಿದ್ದೇನೋ ಲೆಕ್ಕವಿಲ್ಲ.

ಒಂದು ದೇಶಕ್ಕೆ ಇದೇ ಗತಿ ಬಂತು. ಮ್ಯಾಸಿಡೋನಿಯಾ 2005ರಲ್ಲೇ ಅಭ್ಯರ್ಥಿ. ಪಕ್ಕದ ಗ್ರೀಸ್‌ನಲ್ಲಿ ಅದೇ ಹೆಸರಿನ ಪ್ರಾಂತ್ಯ ಇದೆ. ಆ ಹೆಸರು ನಮ್ಮದು, ಬದಲಿಸಿ ಅಂತ ಗ್ರೀಸ್ ವರ್ಷಗಟ್ಟಲೆ ತಡೆದು ಕೂತಿತು. ಕೊನೆಗೆ 2018ರ ಜೂನ್‌ನಲ್ಲಿ ಪ್ರೆಸ್ಪಾ ಒಪ್ಪಂದ ಆಗಿ, 2019ರಲ್ಲಿ ದೇಶ ತನ್ನ ಹೆಸರನ್ನೇ 'ಉತ್ತರ ಮ್ಯಾಸಿಡೋನಿಯಾ' ಅಂತ ಬದಲಿಸಿಕೊಂಡಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಫ್ರಾನ್ಸ್ ತಡೆಯಿತು, ಸೇರಿಸುವ ವಿಧಾನವೇ ಸರಿಯಿಲ್ಲ ಅಂತ. 2020ರ ನವೆಂಬರ್‌ನಲ್ಲಿ ಬಲ್ಗೇರಿಯಾ ಎದ್ದಿತು. ನಿಮ್ಮ ಭಾಷೆ ಬೇರೆ ಭಾಷೆಯೇ ಅಲ್ಲ, ಬಲ್ಗೇರಿಯನ್‌ನದೇ ಒಂದು ರೂಪ ಅನ್ನುವುದು ಅದರ ವಾದ. ಕೊಂಕಣಿ ಭಾಷೆಯೋ ಮರಾಠಿಯ ಉಪಭಾಷೆಯೋ ಅನ್ನುವ ಜಗಳ ನೋಡಿದ ಗೋವಾದಲ್ಲಿ ಇದನ್ನು ವಿವರಿಸುವ ಕಷ್ಟವೇ ಇಲ್ಲ. 2022ರ ಜುಲೈನಲ್ಲಿ ಮಾತುಕತೆ ಶುರು ಅಂತ ಹೇಳಿದರೂ, ಸಂವಿಧಾನದಲ್ಲಿ ಅಲ್ಲಿನ ಬಲ್ಗೇರಿಯನ್ನರ ಹೆಸರು ಸೇರಿಸಿ ಅನ್ನುವ ಹೊಸ ಷರತ್ತು ಮುಂದೆ ಬಂತು. ಜೊತೆಗೇ ಕಾಯುತ್ತಿದ್ದ ಅಲ್ಬೇನಿಯಾ 2024ರಲ್ಲಿ ಅದನ್ನು ಬಿಟ್ಟು ಮುಂದೆ ಹೋಯಿತು.

ಅದಕ್ಕೆ ಸುದ್ದಿ ಓದುವಾಗ 'ಸುಧಾರಣೆ ಸಾಲದು' ಅಂದರೆ ಒಂದು ಕಣ್ಣು ಪಕ್ಕದ ಮನೆಯ ಮೇಲೂ ಇರಲಿ. ಸ್ಲೊವೇನಿಯಾ ಒಂದು ಕೊಲ್ಲಿಯ ಗಡಿಗಾಗಿ ಕ್ರೊಯೇಷಿಯಾವನ್ನು ತಿಂಗಳುಗಟ್ಟಲೆ ನಿಲ್ಲಿಸಿತ್ತು. ಫ್ರಾನ್ಸಿನ ಅಧ್ಯಕ್ಷ ದ ಗಾಲ್ 1963ರಲ್ಲಿ ಒಮ್ಮೆ, 1967ರಲ್ಲಿ ಇನ್ನೊಮ್ಮೆ ಬ್ರಿಟನ್ನಿಗೆ ಬಾಗಿಲು ಹಾಕಿದ್ದರು. ಕೊಸೊವೊ 2022ರಲ್ಲಿ ಅರ್ಜಿ ಕೊಟ್ಟಿದೆ, ಆದರೆ ಐದು ಸದಸ್ಯ ದೇಶಗಳು ಅದನ್ನು ದೇಶ ಅಂತಲೇ ಒಪ್ಪಿಲ್ಲ.

ತಡೆ ದಾಟುವ ದಾರಿಗಳೂ ವಿಚಿತ್ರ. 2023ರ ಡಿಸೆಂಬರ್ 14ರಂದು ಉಕ್ರೇನ್ ಜೊತೆ ಮಾತುಕತೆ ತೆರೆಯುವ ತೀರ್ಮಾನ ಆಗಬೇಕಿತ್ತು. ಹಂಗೇರಿಯ ಆಗಿನ ಪ್ರಧಾನಿ ವಿಕ್ಟರ್ ಓರ್ಬಾನ್ ವಿರೋಧ. ಜರ್ಮನಿಯ ಆಗಿನ ಚಾನ್ಸಲರ್ ಓಲಾಫ್ ಶೋಲ್ಸ್, ನೀವು ಸ್ವಲ್ಪ ಹೊರಗೆ ಹೋಗಿ ಕಾಫಿ ಕುಡಿದು ಬನ್ನಿ ಅನ್ನುವ ಅರ್ಥದಲ್ಲಿ ಸೂಚಿಸಿದರು. ಓರ್ಬಾನ್ ಎದ್ದು ಹೋದರು, ಉಳಿದ 26 ಜನ ತೀರ್ಮಾನ ಮಾಡಿದರು. ಮಾತುಕತೆ ವಿಧಿವತ್ತಾಗಿ ಶುರುವಾಗಿದ್ದು 2024ರ ಜೂನ್ 25ಕ್ಕೆ.

ಹೆಜ್ಜೆ 6: ಸಹಿ, ಒಪ್ಪಿಗೆ, ಜನಮತ

ಅಧ್ಯಾಯಗಳೆಲ್ಲ ಮುಚ್ಚಿದ ಮೇಲೆ ಸೇರ್ಪಡೆಯ ಒಪ್ಪಂದ ಬರೆಯುತ್ತಾರೆ. ಯುರೋಪಿಯನ್ ಸಂಸತ್ತು ಒಟ್ಟು ಸದಸ್ಯರ ಬಹುಮತದಿಂದ ಒಪ್ಪಬೇಕು. ಕೌನ್ಸಿಲ್ ಸರ್ವಾನುಮತದಿಂದ ಒಪ್ಪಬೇಕು. ಸಹಿ ಆಗುತ್ತದೆ. ಆಮೇಲೆ ಪ್ರತಿ ಸದಸ್ಯ ದೇಶವೂ ತನ್ನ ಮನೆಯಲ್ಲಿ ಅದನ್ನು ಅನುಮೋದಿಸಬೇಕು. ಫ್ರಾನ್ಸಿನ ಸಂವಿಧಾನದಲ್ಲಿ ಹೊಸಬರ ಸೇರ್ಪಡೆಗೆ ಜನಮತ ಬೇಕು ಅಂತಿದೆ. ಸಂಸತ್ತಿನ ಐದರಲ್ಲಿ ಮೂರು ಪಾಲು ಒಪ್ಪಿದರೆ ಜನಮತ ತಪ್ಪಿಸಬಹುದು. ಕ್ರೊಯೇಷಿಯಾದ ಸಹಿ 2011ರ ಡಿಸೆಂಬರ್ 9ಕ್ಕೆ ಆಯಿತು, ಒಳಗೆ ಬಂದಿದ್ದು 2013ರ ಜುಲೈ 1ಕ್ಕೆ. ಅದರ ನಂತರ ಹೊಸಬರು ಯಾರೂ ಬಂದಿಲ್ಲ.

ಸೇರುವ ದೇಶದ ಜನರನ್ನೂ ಸಾಮಾನ್ಯವಾಗಿ ಕೇಳುತ್ತಾರೆ. ನಾರ್ವೆ ಎರಡು ಸಲ ಇಲ್ಲಿಯ ತನಕ ಬಂದು ವಾಪಸ್ ಹೋಯಿತು. 1972ರಲ್ಲಿ ನೂರಕ್ಕೆ 53.5, 1994ರಲ್ಲಿ 52.2 ಜನ ಬೇಡ ಅಂದರು. ಗೋವಾದವರಿಗೆ ಈ ತರಹದ ಮತ ಹೊಸದಲ್ಲ. 1967ರ ಜನವರಿ 16ರಂದು ಇಲ್ಲಿ ಓಪಿನಿಯನ್ ಪೋಲ್ ನಡೆದಿತ್ತು, ಮಹಾರಾಷ್ಟ್ರಕ್ಕೆ ಸೇರಬೇಕೋ ಬೇಡವೋ ಅಂತ. ಸೇರಬೇಕು ಅನ್ನುವವರಿಗೆ ಹೂವಿನ ಗುರುತು, ಬೇಡ ಅನ್ನುವವರಿಗೆ ಎರಡು ಎಲೆಯ ಗುರುತು. ಸುಮಾರು 34 ಸಾವಿರ ಮತಗಳಿಂದ ಎಲೆ ಗೆದ್ದಿತು.

ಹೆಜ್ಜೆ 7: ಒಳಗೆ ಬಂದ ಮೇಲೂ ಎಲ್ಲ ಒಂದೇ ದಿನ ಸಿಗುವುದಿಲ್ಲ

ಮತ, ಸಂಸತ್ತಿನ ಸೀಟು, ಒಬ್ಬ ಕಮಿಷನರ್, ಇವು ಮೊದಲ ದಿನದಿಂದಲೇ ಸಿಗುತ್ತವೆ. ಕೆಲಸಕ್ಕೆ ಎಲ್ಲಿ ಬೇಕಾದರೂ ಹೋಗುವ ಹಕ್ಕಿಗೆ ಹಳೆಯ ಸದಸ್ಯರು ಏಳು ವರ್ಷದ ತನಕ ತಡೆ ಹಾಕಬಹುದು. 2004ರಲ್ಲಿ ಹತ್ತು ದೇಶ ಒಟ್ಟಿಗೆ ಬಂದಾಗ ಬ್ರಿಟನ್, ಐರ್ಲೆಂಡ್, ಸ್ವೀಡನ್ ಮಾತ್ರ ತಕ್ಷಣ ಬಾಗಿಲು ತೆಗೆದವು. ಗಡಿ ತಪಾಸಣೆ ಇಲ್ಲದ ಶೆಂಗೆನ್, ಯುರೋ ನಾಣ್ಯ, ಇವೆರಡಕ್ಕೂ ಬೇರೆ ಬೇರೆ ಪರೀಕ್ಷೆ. ಕ್ರೊಯೇಷಿಯಾಕ್ಕೆ ಎರಡೂ ಸಿಕ್ಕಿದ್ದು 2023ರ ಜನವರಿ 1ಕ್ಕೆ. ಬಲ್ಗೇರಿಯಾ, ರೊಮೇನಿಯಾ 2007ರಲ್ಲೇ ಸೇರಿದ್ದರೂ ಪೂರ್ತಿ ಶೆಂಗೆನ್‌ಗೆ 2025ರ ತನಕ ಕಾದವು.

ಇಲ್ಲೇ ಗೋವಾದ ಕಥೆಯೂ ಸೇರಿಕೊಳ್ಳುತ್ತದೆ. ಪೋರ್ಚುಗಲ್ 1977ರಲ್ಲಿ ಅರ್ಜಿ ಕೊಟ್ಟು, 1985ರಲ್ಲಿ ಲಿಸ್ಬನ್‌ನ ಜೆರೊನಿಮೊಸ್ ಮಠದಲ್ಲಿ ಸಹಿ ಹಾಕಿ, 1986ರ ಜನವರಿ 1ಕ್ಕೆ ಸೇರಿತು. ಗೋವಾದಲ್ಲಿ ಪೋರ್ಚುಗೀಸರ ಆಳ್ವಿಕೆ ಮುಗಿದ 1961ರ ಡಿಸೆಂಬರ್ 19ಕ್ಕಿಂತ ಮೊದಲು ಇಲ್ಲಿ ಹುಟ್ಟಿದವರು, ಅವರ ಮಕ್ಕಳು, ಮೊಮ್ಮಕ್ಕಳು ಪೋರ್ಚುಗಲ್‌ನ ಪೌರತ್ವ ಕೇಳಬಹುದು. ಮಾಸ್ಟ್ರಿಕ್ಟ್ ಒಪ್ಪಂದ ಬಂದ ಮೇಲೆ ಆ ಪೌರತ್ವವೇ ಇಡೀ ಒಕ್ಕೂಟದ ಪೌರತ್ವವೂ ಆಯಿತು. ಹಾಗಾಗಿ ನಮ್ಮ ಸಾಲ್ಸೆಟ್‌ನ ಹುಡುಗರು ಲಿಸ್ಬನ್‌ನಲ್ಲಿ ನಿಲ್ಲದೆ ಇಂಗ್ಲೆಂಡಿನ ಸ್ವಿಂಡನ್‌ಗೆ ಹೋದರು. 2020ರ ಜನವರಿ 31ಕ್ಕೆ ಬ್ರಿಟನ್ ಒಕ್ಕೂಟ ಬಿಟ್ಟಿತು. ಅಲ್ಲಿದ್ದವರು ಉಳಿಯಲು ಮತ್ತೊಂದು ಅರ್ಜಿ ತುಂಬಬೇಕಾಯಿತು. ಅಂದ ಹಾಗೆ, ಭಾರತದಲ್ಲಿ ಎರಡು ಪೌರತ್ವ ನಡೆಯುವುದಿಲ್ಲ. ಪಾಸ್‌ಪೋರ್ಟ್ ಆಸೆಗೆ ಬರುವವರಿಗೆ ನಾನು ಮೊದಲು ಹೇಳುವ ಮಾತು ಇದು.

ಜಾರಿ ಬೀಳುವ ಜಾಗಗಳು

ಯುರೋ ನಡೆಯುತ್ತಿದ್ದರೆ ಸದಸ್ಯ ಅಂದುಕೊಳ್ಳಬೇಡಿ. ಮೊಂಟೆನೆಗ್ರೊದಲ್ಲಿ ಯುರೋ ನಡೆಯುತ್ತದೆ, ಅದು ಇನ್ನೂ ಅಭ್ಯರ್ಥಿ. ಸ್ವೀಡನ್ ಸದಸ್ಯ, ಅಲ್ಲಿ ಯುರೋ ಇಲ್ಲ. ಶೆಂಗೆನ್ ಕೂಡ ಹಾಗೆಯೇ: ಸ್ವಿಟ್ಜರ್ಲೆಂಡ್, ನಾರ್ವೆ ಒಳಗೆ, ಐರ್ಲೆಂಡ್ ಹೊರಗೆ. ಇನ್ನು 'ಕೌನ್ಸಿಲ್ ಆಫ್ ಯುರೋಪ್' ಅಂತ ಸ್ಟ್ರಾಸ್‌ಬರ್ಗ್‌ನಲ್ಲಿ 46 ದೇಶಗಳ ಬೇರೆಯೇ ಸಂಸ್ಥೆ ಇದೆ. ಬಾವುಟ ಮಾತ್ರ ಅದೇ ಹನ್ನೆರಡು ನಕ್ಷತ್ರದ್ದು. ಪ್ರಶ್ನೆಪತ್ರಿಕೆ ತಯಾರಿಸುವವರಿಗೆ ಇದು ಬಹಳ ಇಷ್ಟ.

ಒಂದು ಹಾಳೆ ಮಾಡಿಟ್ಟುಕೊಳ್ಳಿ

ಆ ಹುಡುಗಿಗೆ ನಾನು ಹೇಳಿಕೊಟ್ಟಿದ್ದು ಇಷ್ಟೇ. ಒಂದು ಎ4 ಹಾಳೆ ಅಡ್ಡ ಇಟ್ಟು ಆರು ಕಾಲಂ ಎಳೆಯಿರಿ: ಅರ್ಜಿ, ಅಭ್ಯರ್ಥಿ, ಮಾತುಕತೆ ಶುರು, ಸಹಿ, ಸೇರ್ಪಡೆ, ತಡೆದವರು. ಕ್ರೊಯೇಷಿಯಾದ್ದು 2003, 2004, 2005, 2011, 2013, ಸ್ಲೊವೇನಿಯಾ. ಮೊಂಟೆನೆಗ್ರೊದ್ದು 2008, 2010, 2012, ಆಮೇಲೆ ಖಾಲಿ. ಟರ್ಕಿಯದು 1987, 1999, 2005, ಆಮೇಲೆ ಖಾಲಿ. ಉಕ್ರೇನ್‌ದು 2022, 2022, 2024, ಆಮೇಲೆ ಖಾಲಿ. ಖಾಲಿ ಕಾಲಂ ಪೆನ್ಸಿಲ್‌ನಲ್ಲಿ ತುಂಬಿ. ಹೊಸ ಸುದ್ದಿ ಬಂದಾಗ ಇದು ಯಾವ ಕಾಲಂನದು ಅಂತ ಕೇಳಿಕೊಳ್ಳಿ. ಯಾವ ಕಾಲಂಗೂ ಸೇರದಿದ್ದರೆ ಅದು ಬರೀ ಭಾಷಣ.

ವಾರ ಬಿಟ್ಟು ಅವಳು ಹಾಳೆ ತುಂಬಿಕೊಂಡು ಬಂದಳು. ಒಂದು ಸಾಲು ಮಾತ್ರ ಬಿಟ್ಟಿದ್ದಳು. "ಅಣ್ಣಾ, ನಾರ್ವೆದ್ದು ಸಹಿ ಆಗೈತಿ, ಆದ್ರ ಸೇರಿಲ್ಲ. ತಡೆದವರು ಅನ್ನೋ ಕಡೆ ಯಾರ ಹೆಸರು ಬರೀಲಿ?"

"ನಾರ್ವೆ ಅಂತಲೇ ಬರಿ," ಅಂದೆ.